ಜಗಲಿಯ ಮೇಲಿನ ಕಟ್ಟು ಬಿಚ್ಚಬೇಕು

ಕಲಘಟಗಿಯ ಮಳೆ ಬಯಲುಸೀಮೆಯ ನವಲಗುಂದದ ಮಳೆಯಂತಲ್ಲ. ಅರೆಮಲೆನಾಡಿನ ಈ ಸೀಮೆಯಲ್ಲಿ ಜಿಟಿಜಿಟಿ ಹಿಡಿದರೆ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ. ಹಳೆಯ ಮನೆ, ಮಠಗಳ ದೇವರ ಜಗಲಿಯ ಮೇಲೆ ವಸ್ತ್ರ ಸುತ್ತಿಟ್ಟ ಓಲೆಗರಿಯ ಕಟ್ಟುಗಳೂ ಅದೇ ತೇವ ಕುಡಿಯುತ್ತವೆ. ಬಯಲುಸೀಮೆಯ ಒಣ ಹವೆಯಲ್ಲಿ ಗರಿ ಸೀಳಿದರೆ, ಇಲ್ಲಿ ಬೂಸ್ಟು ಹಿಡಿದು ಒಂದಕ್ಕೊಂದು ಅಂಟುತ್ತದೆ. ಹಬ್ಬಕ್ಕೊಮ್ಮೆ ವಿಭೂತಿ ಹಚ್ಚಿ, ಹೂವೇರಿಸಿ, ಕೈಮುಗಿದು ಹಾಗೇ ಇಡುತ್ತೇವೆ. ಒಳಗೇನಿದೆ ಎಂದು ಓದಬಲ್ಲವರು ಮನೆಯಲ್ಲಿ ಉಳಿದಿಲ್ಲ.

ಆ ವಿದ್ಯೆಯ ಮನೆ ಇರುವುದು ಹತ್ತಿರದ ಧಾರವಾಡದಲ್ಲೇ. 1939ರಲ್ಲಿ ಮುಂಬಯಿ ಸರ್ಕಾರ ಅಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆಯಿತು. ಆರ್.ಎಸ್. ಪಂಚಮುಖಿಯವರು ಬೆಳೆಸಿದ ಆ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಇದೇ ವಿಶ್ವವಿದ್ಯಾಲಯ 1965ರಿಂದ 1972ರ ನಡುವೆ ಅಲ್ಲಮಪ್ರಭು ಮತ್ತು ಶರಣರ ಸಂವಾದವಾದ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಎಸ್.ಸಿ. ನಂದೀಮಠ, ಎಸ್.ಎಸ್. ಭೂಸನೂರಮಠರಂಥ ವಿದ್ವಾಂಸರ ಜೊತೆ ಆ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಗೋವಾ ಮೂಲದ ಕ್ರೈಸ್ತ ಕವಿ ಅರ್ಮಾಂಡೊ ಮೆನೆಜಿಸ್ ಒಬ್ಬರು. ಅಲ್ಲಮನ ಮಾತಿನ ಮುಂದೆ ಎಲ್ಲರೂ ಜೊತೆಯಾಗಿ ಕೂತು ತಿಣುಕಿದ ಆ ದಿನಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಧರ್ಮಗ್ರಂಥದ ಅಧ್ಯಯನ ಹೀಗೇ ನಡೆಯಬೇಕು.

ಆದರೆ ಅಧ್ಯಯನಕ್ಕೆ ಮೊದಲು ಕಟ್ಟು ಸಿಗಬೇಕಲ್ಲ. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿದ ಫ.ಗು. ಹಳಕಟ್ಟಿಯವರು ವಚನದ ಕಟ್ಟುಗಳು ತಾವಾಗಿ ಬರಲೆಂದು ಕಾಯಲಿಲ್ಲ. ಊರೂರು ತಿರುಗಿ ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದ ಬೇರು ಆ ತಿರುಗಾಟದಲ್ಲಿದೆ.

ವಚನಗಳೆಲ್ಲ ಅಚ್ಚಾದ ಮೇಲೆ ಹಳ್ಳಿಯ ಇನ್ನೊಂದು ಪ್ರತಿ ಯಾತಕ್ಕೆ ಎಂದು ಕೇಳುವವರಿದ್ದಾರೆ. ಒಬ್ಬ ಲಿಪಿಕಾರ ಬಿಟ್ಟ ಸಾಲನ್ನು ಇನ್ನೊಬ್ಬ ಬರೆದಿರುತ್ತಾನೆ. ಒಂದು ಪ್ರತಿಯಲ್ಲಿ ಅರ್ಥವಾಗದ ಶಬ್ದ ಮತ್ತೊಂದರಲ್ಲಿ ತಿಳಿಯಾಗಿರುತ್ತದೆ. ಪಾಠ ನಿರ್ಧಾರವಾಗುವುದೇ ಪ್ರತಿಗಳನ್ನು ಎದುರುಬದುರು ಇಟ್ಟು ನೋಡಿದಾಗ. ಜೊತೆಗೆ, ಕಡೆಯ ಗರಿಯಲ್ಲಿ ಬರೆದವನ ಹೆಸರು, ಊರು, ಸಂವತ್ಸರ ಇರುವುದುಂಟು. ಯಾವ ಹಳ್ಳಿಯಲ್ಲಿ ಯಾರು ಏನು ಓದುತ್ತಿದ್ದರು ಎಂಬ ಲೆಕ್ಕ ಬೇರೆ ದಾಖಲೆಯಲ್ಲಿ ಸಿಗುವುದು ಕಷ್ಟ.

ಜನ ಕಟ್ಟು ಕೊಡಲು ಹಿಂಜರಿಯುತ್ತಾರೆ, ಅದು ತಪ್ಪಲ್ಲ. ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುವ ಸೀಮೆ ಇದು. ಕಲ್ಯಾಣದ ಶರಣರು ವಚನದ ಕಟ್ಟು ಹೊತ್ತು ಉಳವಿಯತ್ತ ನಡೆದರೆಂಬ ಐತಿಹ್ಯ ಕೇಳಿ ಬೆಳೆದವರು ಅದನ್ನು ಯಾರದೋ ಕಪಾಟಿಗೆ ಹೇಗೆ ಒಪ್ಪಿಸಿಯಾರು? ಒಪ್ಪಿಸುವ ಅಗತ್ಯವೂ ಈಗಿಲ್ಲ. ಧೂಳು ಒರೆಸಿ, ಗರಿಗೆ ಸಿಟ್ರೊನೆಲ್ಲಾ ಎಣ್ಣೆ ಸವರಿ, ಅಕ್ಷರ ಕಾಣದಲ್ಲಿ ಕಾಡಿಗೆ ತುಂಬಿ, ಮನೆಯವರ ಕಣ್ಣೆದುರೇ ಪ್ರತಿ ಗರಿಯ ಫೋಟೊ ತೆಗೆದು ಕಟ್ಟನ್ನು ಅಲ್ಲೇ ಮರಳಿಸಬಹುದು. ಅಂಟಿಕೊಂಡ ಗರಿಗಳನ್ನು ಮಾತ್ರ ಮನೆಯವರು ಎಳೆದು ಬಿಡಿಸಬಾರದು. ಅದು ಪಳಗಿದ ಕೈಯ ಕೆಲಸ.

ಹಳಕಟ್ಟಿಯವರ ಜನ್ಮದಿನವಾದ ಜುಲೈ 2 ಬರುವುದು ಮಳೆಗಾಲದಲ್ಲಿ. ಅಂದು ಧಾರವಾಡದಲ್ಲಿ ಭಾಷಣವಾಗಲಿ. ಬೇಸಿಗೆಯಲ್ಲಿ, ಮೊದಲ ಮಳೆಗೆ ಮುಂಚೆ, ವಿಶ್ವವಿದ್ಯಾಲಯದ ತಂಡವೊಂದು ಕ್ಯಾಮೆರಾ, ಎಣ್ಣೆ, ಹತ್ತಿ ಬಟ್ಟೆ ಹಿಡಿದು ಕಲಘಟಗಿಗೆ ಬರಲಿ. ಬರುವ ದಿನವನ್ನು ಪ್ರತಿ ಗ್ರಾಮ ಪಂಚಾಯಿತಿ ವಾರ ಮೊದಲೇ ಡಂಗುರ ಸಾರಿಸಲಿ.