ಕೋಡಂಗಿಯನ್ನು ಕೊಂದವರು ಯಾರು?

ಶಿರಸಿಯಲ್ಲಿ ಮತ್ತೊಂದು ವಿಚಾರಸಂಕಿರಣ ಮುಗಿಯಿತು. ವಿಷಯ ಮಾಮೂಲಿನದೇ: ಜಾಗತೀಕರಣದ ದಾಳಿ ಮತ್ತು ನಮ್ಮ ಕಲೆಗಳು. ಮೈಕು ಸಿಕ್ಕವರೆಲ್ಲ ಟೀವಿಗೆ, ಮೊಬೈಲಿಗೆ, ರೀಲ್ಸಿಗೆ ಮನಸಾರೆ ಬೈದರು. ನಮ್ಮ ಸೋದರ ಪತ್ರಿಕೆಯೊಂದು ಆ ಭಾಷಣಗಳನ್ನೇ ವಿಶೇಷಾಂಕ ಮಾಡಿತು. ರಕ್ಷಾಪುಟದಲ್ಲಿ ಇಲಾಖೆಯ ಜಾಹೀರಾತು. ಬೈಗುಳಕ್ಕೂ ಅನುದಾನ ಸಿಗುವ ಕಾಲ.

ನಮ್ಮ ತಕರಾರು ಸರಳವಾದದ್ದು. ಯಕ್ಷಗಾನಕ್ಕೆ ಪೆಟ್ಟು ಬಿದ್ದದ್ದು ಪರದೇಶದ ಸಿನಿಮಾದಿಂದಲ್ಲ, ನಮ್ಮದೇ ಸರ್ಕಾರಗಳ ಕಾಗದದಿಂದ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. 2010ರ ತಿದ್ದುಪಡಿ ವಾದ್ಯಗಳನ್ನೂ ಸೇರಿಸಿತು. ಮೈಕಿಲ್ಲದ ಚಂಡೆಯೂ ಈಗ ಅಪರಾಧಿ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ವಿನಾಯಿತಿ, ಅದೂ ಮಧ್ಯರಾತ್ರಿಯವರೆಗೆ. ಮಹಾನಗರದ ವಸತಿ ಸಮುಚ್ಚಯಕ್ಕೆ ಬರೆದ ಕಾನೂನು, ಪಕ್ಕದ ಮನೆಗೆ ಹೋಗಲು ತೋಟ ಇಳಿದು ಸಂಕ ದಾಟಬೇಕಾದ ಸಿದ್ದಾಪುರದ ಹಳ್ಳಿಗೂ ಅನ್ವಯ!

ಹೋದದ್ದೇನು ನೋಡಿ. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ. ಜನ ಆಗಿನ್ನೂ ಕಂಬಳಿ ಹಾಸಿ ಜಾಗ ಹಿಡಿಯುತ್ತ, ಶೇಂಗಾ ಕಟ್ಟಿಸಿಕೊಳ್ಳುತ್ತ ಇರುತ್ತಾರೆ. ಆ ಗದ್ದಲದ ನಡುವೆ ಎಳೆಯ ಹುಡುಗನೊಬ್ಬ ತಾಳ ತಪ್ಪುತ್ತಾನೆ, ಮದ್ದಳೆಗಾರನ ಮುಖ ನೋಡುತ್ತಾನೆ, ಮತ್ತೆ ಹೆಜ್ಜೆ ಕೂಡಿಸಿಕೊಳ್ಳುತ್ತಾನೆ. ಯಾರೂ ಗಮನಿಸುವುದಿಲ್ಲ, ಗಮನಿಸದೇ ಇರುವುದರಿಂದಲೇ ಅವನು ಕಲಿಯುತ್ತಾನೆ. ಕೋಡಂಗಿ ಕುಣಿದವನು ಬಾಲಗೋಪಾಲನಾಗಿ, ವರ್ಷಗಳ ಮೇಲೆ ಎರಡನೇ ವೇಷಕ್ಕೆ ಏರುತ್ತಿದ್ದ. ಮೂರು ತಾಸಿನ ಕಾಲಮಿತಿ ಬಂದಾಗ ಮೊದಲು ಕತ್ತರಿ ಬಿದ್ದದ್ದು ಈ ಭಾಗಕ್ಕೇ. 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಇಳಿದಾಗ ಕರಾವಳಿಯ ಭಕ್ತರು ಜಗಳಕ್ಕಾದರೂ ನಿಂತರು. ಘಟ್ಟದ ಮೇಲಿನ ನಾವು? ಬೇಗ ಮನೆ ಸೇರಬಹುದೆಂದು ಖುಷಿಪಟ್ಟೆವು.

ಜಾಗತೀಕರಣ ಬಂದಿಲ್ಲವೆಂದಲ್ಲ. ಬಂದದ್ದು ಅಡಿಕೆ ಅಟ್ಟಕ್ಕೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಆಟಕ್ಕೆ ವೀಳ್ಯ ಕೊಡುವುದು ಅಡಿಕೆ ದುಡ್ಡು; ದರ ಬಿದ್ದ ವರ್ಷ ಯಜಮಾನರು ಮೊದಲು ಕೈಬಿಡುವುದು ಆಟವನ್ನೇ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ದಾರಿ ಬಿಟ್ಟಿತು. ಐದು ತಿಂಗಳಲ್ಲಿ ಅದೇ ಸರ್ಕಾರ ಆ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಚೌಕಿಯ ದೀಪ ಹತ್ತುವುದೂ ಆರುವುದೂ ಇಂಥ ಅಧಿಸೂಚನೆಗಳ ಮೇಲೆ. ಸಂಕಿರಣದ ಒಂದು ಪ್ರಬಂಧದಲ್ಲೂ ಅಡಿಕೆಯ ಸುದ್ದಿ ಇರಲಿಲ್ಲ. ಅಮೆರಿಕದ ಮಗ ಅಪ್ಪನ ಷಷ್ಟ್ಯಬ್ದಿಗೆ ಆಟ ಆಡಿಸುವ ಸುದ್ದಿಯೂ ಇರಲಿಲ್ಲ. ಅವನು ಕೇಳುವುದು ಹೆಸರಾಂತ ಅತಿಥಿ ಕಲಾವಿದರನ್ನು. ಕೋಡಂಗಿಯನ್ನು ಅವನೂ ಕೇಳುವುದಿಲ್ಲ, ನಿಜ. ಆದರೆ ನೋಡಿಯೇ ಇಲ್ಲದ್ದನ್ನು ಕೇಳುವುದಾದರೂ ಹೇಗೆ?

ಇನ್ನು ಉತ್ಸವಗಳು. ಬನವಾಸಿಯ ಕದಂಬೋತ್ಸವವಿರಲಿ, ಬೇರೆ ಯಾವುದೇ ಸರ್ಕಾರಿ ಉತ್ಸವವಿರಲಿ, ಇಳಿಹೊತ್ತು ಊರಿನವರಿಗೆ, ರಾತ್ರಿ ಸಿನಿಮಾ ಗಾಯಕರಿಗೆ. ಯಲ್ಲಾಪುರದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಲು 2003ರವರೆಗೆ ಕಾಯಬೇಕಾಯಿತು. ಮೆರವಣಿಗೆಗೆ ಮಾತ್ರ ಅವರ ಡಮಾಮಿ ಕುಣಿತ ತಪ್ಪದೆ ಬೇಕು. ತಮ್ಮ ಮನೆಯ ಮದುವೆ, ಹಬ್ಬಗಳಲ್ಲಿ ದಣಿವಾಗುವವರೆಗೆ ಕುಣಿಯುವವರನ್ನು ಗಣ್ಯರು ಬರುವ ತನಕ ಬಿಸಿಲಲ್ಲಿ ನಿಲ್ಲಿಸುವುದಕ್ಕೆ ಪ್ರೋತ್ಸಾಹವೆಂದು ಹೆಸರು.

ಅಕಾಡೆಮಿಯ ಕತೆಯೂ ಗೊತ್ತಿದ್ದದ್ದೇ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಯಕ್ಷಗಾನ ಅಕಾಡೆಮಿಗೆ ಹೊಸ ಅಧ್ಯಕ್ಷರು ಬಂದದ್ದು 2024ರ ಮಾರ್ಚಿನಲ್ಲಿ, ಮೇಳಗಳ ತಿರುಗಾಟ ಬಹುಪಾಲು ಮುಗಿದ ಮೇಲೆ. ಕಲಿಸುವ ಕೆಲಸ ಇವರಿಗಾಗಿ ಎಂದೂ ಕಾದಿರಲಿಲ್ಲ ಎನ್ನುವುದೊಂದೇ ಸಮಾಧಾನ. ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕೇಂದ್ರ ಕಟ್ಟಿದರು. ಹೊಸ್ತೋಟ ಮಂಜುನಾಥ ಭಾಗವತರು ಊರೂರು ಸುತ್ತಿ ಮಕ್ಕಳಿಗೆ ಹೆಜ್ಜೆ ಹೇಳಿಕೊಟ್ಟರು. ಆ ಜಾತಿಯ ಕೆಲಸಕ್ಕೆ ದುಡ್ಡು ಕೊಡಿ. ಸನ್ಮಾನದ ಶಾಲಿನ ಖರ್ಚು ಉಳಿಸಿದರೂ ಆದೀತು. ಬಯಲಾಟಕ್ಕೆ ರಾತ್ರಿಯ ವಿನಾಯಿತಿ ಕೇಳಲು ನಮ್ಮ ಶಾಸಕರು, ಸಂಸದರು ಒಮ್ಮೆಯಾದರೂ ದೆಹಲಿಯ ಬಾಗಿಲು ತಟ್ಟಲಿ. ಉದ್ಘಾಟನೆಗೆ ಬಂದು ತಾಳ ಹಿಡಿದು ಫೋಟೋ ತೆಗೆಸಿಕೊಂಡದ್ದು ಸಾಕು.

ಈ ಸಂಚಿಕೆಯ ವಿಶೇಷ ವಿಭಾಗ: ಪೂರ್ವರಂಗ. ಒಪ್ಪದವರು ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ. ಆದರೆ ಎಷ್ಟು ಮಂದಿಗೆ ಪ್ರಶಸ್ತಿ ಬಂತೆಂಬ ಪಟ್ಟಿ ಬೇಡ. ನಿಮ್ಮೂರಿನಲ್ಲಿ ಈ ವರ್ಷ ಎಷ್ಟು ಹುಡುಗರು ಕೋಡಂಗಿ ಕುಣಿದರೆಂದು ತಿಳಿಸಿ.