ಗಣಿತ ಮೊದಲು
ಕ್ಯುಪರ್ಟಿನೋದ ಗೆಳೆಯರ ಮಗ ಡಿ ಆಂಜಾ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಾನೆ. ಎರಡು ವರ್ಷ ಅಲ್ಲಿ ಓದಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರಿಂಗಿಗೆ ಹೋಗುವ ಆಸೆ. ಈ ವಾರ ಅವನು ಕಳಿಸಿದ ಮೊದಲ ಅವಧಿಯ ಪಟ್ಟಿಯಲ್ಲಿ ಇತಿಹಾಸವಿತ್ತು, ಭಾಷಣಕಲೆಯಿತ್ತು, ಕ್ಯಾಲ್ಕುಲಸ್ ಇರಲಿಲ್ಲ. ನನಗೆ ಗಾಬರಿಯೇ ಆಯಿತು. ನಮ್ಮ ಕರ್ನಾಟಕದಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುತ್ತಾರೆ. ಅವರ ಗಣಿತದ ಕೊರತೆಯನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಒಳಗೆ ಬಂದವರಿಗೆ ಹೆಚ್ಚುವರಿ ಗಣಿತ ಓದಿಸಿ ತುಂಬಿಕೊಡುತ್ತ ಬಂದಿದೆ. ಅದು ದೊಡ್ಡ ಕರುಣೆ ಎಂದೇ ನನ್ನ ಭಾವನೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರ, ಡಿಫರೆನ್ಷಿಯಲ್ ಈಕ್ವೇಷನ್, ಜೊತೆಗೆ ಕ್ಯಾಲ್ಕುಲಸ್ ಆಧರಿಸಿದ ಭೌತಶಾಸ್ತ್ರ, ಇವೆಲ್ಲ ಬಹುಪಾಲು ವಿಶ್ವವಿದ್ಯಾಲಯದ ಬಾಗಿಲ ಹೊರಗೇ ಮುಗಿಯಬೇಕು. ಕ್ಯಾಲ್ಕುಲಸ್ಸಿನ ಒಂದು ಮೆಟ್ಟಿಲು ಹತ್ತದೆ ಮುಂದಿನದಕ್ಕೆ ಕಾಲಿಡುವಂತಿಲ್ಲ, ಭೌತಶಾಸ್ತ್ರವೂ ಅದರ ಹಿಂದೆಯೇ ನಿಂತಿರುತ್ತದೆ. ಮೊದಲ ಅವಧಿಯಲ್ಲಿ ಮುಂದೂಡಿದ್ದು ಕೊನೆಗೆ ಇಡೀ ವರ್ಷವನ್ನೇ ನುಂಗಬಹುದು. ಇಂಗ್ಲಿಷ್ ಬರವಣಿಗೆ ಬಿಟ್ಟರೆ ಉಳಿದ ಸಾಮಾನ್ಯ ವಿಷಯಗಳು ಕಾಯಬಲ್ಲವು. ಕಾಲೇಜಿನ ಯಾವ ಕೋರ್ಸು ವಿಶ್ವವಿದ್ಯಾಲಯದ ಯಾವ ಕ್ಯಾಂಪಸ್ಸಿನಲ್ಲಿ ಸಲ್ಲುತ್ತದೆಂದು ಅಸಿಸ್ಟ್ ಜಾಲತಾಣ ಹೇಳುತ್ತದೆ. ಅದನ್ನು ತೆರೆಯದೆ ವಿಷಯ ಆರಿಸಲೇಬಾರದು. ಖಾತರಿ ಪ್ರವೇಶದ ಟ್ಯಾಗ್ ವ್ಯವಸ್ಥೆಯನ್ನು ನಂಬಿ ನಿಧಾನಿಸುವಂತೆಯೂ ಇಲ್ಲ: ಅದು ಆರು ಕ್ಯಾಂಪಸ್ಸುಗಳಲ್ಲಿ ಮಾತ್ರ ಇದೆ, ಎಲ್ಲರೂ ಕನಸು ಕಾಣುವ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿ ಇಲ್ಲ.