ಎಣಿಸುವ ಮೊದಲು ಓದಿ

ಮೂವತ್ತೊಂದು ವರ್ಷ ನಾನು ಒಂದು ವೈದ್ಯಕೀಯ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಕೊನೆಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದ ಡಾಕ್ಟರುಗಳಲ್ಲಿ ಪುಸ್ತಕ ಕೇಳುವವರು ಕಡಿಮೆಯಾಗಿದ್ದರು. ‘ಮೇಡಂ, ನನ್ನ ಎಚ್-ಇಂಡೆಕ್ಸ್ ಎಷ್ಟಾಗಿದೆ ನೋಡಿ ಒಂದು ಪ್ರಿಂಟ್ ಕೊಡಿ, ನಾಳೆ ಇಂಟರ್‌ವ್ಯೂ ಇದೆ’ ಎನ್ನುವವರೇ ಹೆಚ್ಚು. ಕೊಡುತ್ತಿದ್ದೆ. ಎಷ್ಟು ಪ್ರಬಂಧ, ಅವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ, ಎಲ್ಲವೂ ಆ ಒಂದು ಹಾಳೆಯಲ್ಲಿ ಇರುತ್ತಿತ್ತು. ಪ್ರಬಂಧದೊಳಗೆ ಏನಿದೆ ಎಂಬುದಕ್ಕೆ ಮಾತ್ರ ಅಲ್ಲಿ ಜಾಗ ಇರಲಿಲ್ಲ.

ಒಂದು ವರ್ಷ ಬಡ್ತಿಗೆ ಇಬ್ಬರು ಅರ್ಜಿ ಹಾಕಿದ್ದರು. ಒಬ್ಬರದು ಇಪ್ಪತ್ತೆರಡು ಪ್ರಬಂಧ. ಹೆಚ್ಚಿನವುಗಳಲ್ಲಿ ಹೆಸರು ಆರನೆಯದೋ ಏಳನೆಯದೋ. ಇನ್ನೊಬ್ಬರು ಮಲೆನಾಡಿನ ಹೆಣ್ಣುಮಗಳು. ಮಂಗನ ಕಾಯಿಲೆಯಿಂದ ಎದ್ದವರ ಮನೆಗಳಿಗೆ ಆರು ವರ್ಷ ಓಡಾಡಿ, ಜ್ವರ ಬಿಟ್ಟ ಮೇಲೂ ಅವರನ್ನು ಕಾಡುವ ತೊಂದರೆಗಳನ್ನು ಬರೆದಿಟ್ಟು ಎರಡೇ ಎರಡು ಪ್ರಬಂಧ ಪ್ರಕಟಿಸಿದ್ದರು. ಅವನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿ ಸಮಿತಿಯ ಮೇಜಿನ ಮೇಲೆ ಇಟ್ಟವಳು ನಾನೇ. ಸಂಜೆ ವಾಪಸ್ ತರಲು ಹೋದಾಗ ನಾನು ಹಾಕಿದ ಗಂಟು ಹಾಗೆಯೇ ಇತ್ತು. ಬಡ್ತಿ ಇಪ್ಪತ್ತೆರಡಕ್ಕೆ ಹೋಯಿತು. ಆ ಗಂಟನ್ನು ನಾನು ಇವತ್ತಿಗೂ ಮರೆತಿಲ್ಲ.

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ದರಗು ತರಲು ಹೋದವರಿಗೆ ಉಣುಗು ಕಚ್ಚಿ ಬರುವ ಈ ಜ್ವರದ ಮೇಲೆ ಕೆಲಸ ಮಾಡುವವರೇ ಜಗತ್ತಿನಲ್ಲಿ ಕೆಲವರು. ಹಾಗಿರುವಾಗ ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಕ್ಯಾನ್ಸರ್ ಮೇಲಿನ ಸಾಧಾರಣ ಪ್ರಬಂಧದ ಪಕ್ಕದಲ್ಲಿಟ್ಟು ತೂಗಿದರೆ ಇದು ಸೋಲಲೇಬೇಕು. ಸೋತದ್ದು ಕೆಲಸವಲ್ಲ, ತಕ್ಕಡಿಯೇ ಸರಿಯಿಲ್ಲ.

ಈ ತಕ್ಕಡಿಗೆ ಸಿಗದ ಕೆಲಸ ಇದೊಂದೇ ಅಲ್ಲ. ಕಲ್ಕತ್ತಾದ ಶಂಭುನಾಥ ಡೇ ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1953ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗಕ್ಕೆ ಎರಡೂ ಕಡೆ ದಾರ ಕಟ್ಟಿ ನಡುವೆ ಕಾಲರಾ ರೋಗಾಣು ಚುಚ್ಚಿದ್ದರು. ಮರುದಿನಕ್ಕೆ ಅಷ್ಟು ಜಾಗ ನೀರು ತುಂಬಿ ಉಬ್ಬಿಕೊಂಡಿತ್ತು. 1959ರಲ್ಲಿ ರೋಗಾಣುಗಳನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನಷ್ಟೇ ಹಾಕಿ ನೋಡಿದರು. ಕರುಳು ಆಗಲೂ ಉಬ್ಬಿತು. ಅಂದರೆ ರೋಗಿಯ ಮೈಯ ನೀರನ್ನೆಲ್ಲ ಹೊರಗೆ ಹರಿಸುವುದು ರೋಗಾಣು ಬಿಡುವ ವಿಷ. 1884ರಲ್ಲಿ ರಾಬರ್ಟ್ ಕೋಚ್ ಊಹಿಸಿದ್ದನ್ನು ತೋರಿಸಿಕೊಡಲು ಎಪ್ಪತ್ತೈದು ವರ್ಷ ಬೇಕಾಯಿತು. ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಚಿಕ್ಕ ಪ್ರಬಂಧಕ್ಕೆ ಡೇ ಒಬ್ಬರದೇ ಹೆಸರು.

ವರ್ಷಗಟ್ಟಲೆ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಮ್ಮ ದೇಶದ ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರೇ ನೊಬೆಲ್‌ಗೆ ಡೇ ಹೆಸರು ಸೂಚಿಸಿದ್ದರು. 1978ರಲ್ಲಿ ನೊಬೆಲ್ ವಿಚಾರಸಂಕಿರಣಕ್ಕೆ ಕರೆಸಿದಾಗ, ಅರವತ್ತರ ದಶಕದಲ್ಲೇ ಸತ್ತಿದ್ದ ತನ್ನನ್ನು ನೀವು ಹೂತಲ್ಲಿಂದ ಎತ್ತಿ ತಂದಿದ್ದೀರಿ ಎಂಬರ್ಥದ ಮಾತನ್ನು ಡೇ ಆಡಿದರು. 1985ರಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ 1990ರಲ್ಲಿ ಅವರ ನೆನಪಿಗೆ ವಿಶೇಷ ಸಂಚಿಕೆ ತಂದಿತು. ಆ ಸಂಚಿಕೆಯನ್ನು ಬೈಂಡ್ ಮಾಡಿಸುವ ಮೊದಲು ನಾನು ಮನೆಗೆ ತಂದು ಓದಿದ್ದೆ.

ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿಯಿಂದ. ನಿಮ್ಮ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಇದ್ದರೆ ನಿಮ್ಮದು ಹತ್ತು. ಒಬ್ಬರು ಜೀವಮಾನದಲ್ಲಿ ಬರೆದದ್ದು ಒಂದೇ ಪ್ರಬಂಧ, ಅದನ್ನು ಸಾವಿರ ಜನ ಉಲ್ಲೇಖಿಸಿದ್ದಾರೆ ಅನ್ನಿ. ಅವರ ಎಚ್-ಇಂಡೆಕ್ಸ್ ಒಂದು! ಇಂಥ ಲೆಕ್ಕ ಹಿಡಿದುಕೊಂಡು ಒಬ್ಬರ ನೌಕರಿ ತೀರ್ಮಾನಿಸುತ್ತೇವೆ.

ಉಲ್ಲೇಖ ಸೂಚಿಯನ್ನು ಹುಟ್ಟುಹಾಕಿದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಅದರ ಯೋಚನೆ ಮುಂದಿಟ್ಟಾಗ ಅವರಿಗೆ ದಾರಿ ತೋರಿಸಿದ್ದು ವಕೀಲರ ಪುಸ್ತಕ. ಹಳೆಯ ತೀರ್ಪೊಂದನ್ನು ಮುಂದೆ ಯಾವ ನ್ಯಾಯಾಲಯ ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ಹುಡುಕಲು ಅಮೆರಿಕದ ವಕೀಲರು ಇಟ್ಟುಕೊಳ್ಳುತ್ತಿದ್ದ ಪಟ್ಟಿ ಅದು. ಓದಬೇಕಾದ್ದು ಎಲ್ಲಿದೆ ಎಂದು ತೋರಿಸುವ ಈ ಸಲಕರಣೆಯನ್ನು ನನ್ನಂಥವರು ಪ್ರೀತಿಯಿಂದ ಬಳಸಿದ್ದೇವೆ. 1986ರಲ್ಲಿ ಕಾಲರಾ ಸಂಶೋಧನೆಯ ನಕ್ಷೆ ಬರೆಯುತ್ತಾ ಡೇ ಅವರ ಕೆಲಸದ ಮಹತ್ವವನ್ನು ಎತ್ತಿ ಹೇಳಿದವರೂ ಗಾರ್ಫೀಲ್ಡ್ ಅವರೇ. ಸಂಖ್ಯೆ ನೋಡಿ ಅಲ್ಲಿಗೇ ನಿಲ್ಲಲಿಲ್ಲ, ಪ್ರಬಂಧ ತೆಗೆದು ಓದಿದರು.

ಆಯ್ಕೆ ಸಮಿತಿಗಳಿಂದ ನಾನು ಕೇಳುವುದು ಇಷ್ಟೇ. ಅಭ್ಯರ್ಥಿ ತಾನೇ ಆರಿಸಿದ ಮೂರು ಪ್ರಬಂಧ ಕೊಡಲಿ. ಸಮಿತಿಯ ಒಬ್ಬರಾದರೂ ಅವನ್ನು ಓದಿ, ಇದರಿಂದ ಹೊಸದಾಗಿ ಏನು ತಿಳಿಯಿತು ಎಂದು ಅರ್ಧ ಪುಟ ಬರೆದು, ಸಹಿ ಹಾಕಿ, ಕಡತದಲ್ಲಿ ಇಡಲಿ. ಸಮಯವಿಲ್ಲ ಎನ್ನುತ್ತಾರೆ. ಒಬ್ಬರ ಆರು ವರ್ಷದ ದುಡಿಮೆಗೆ ಒಂದು ಮಧ್ಯಾಹ್ನ ಹೆಚ್ಚಾಯಿತೇ?

ಆ ಡಾಕ್ಟರಮ್ಮ ಕಾಲೇಜು ಬಿಟ್ಟು ಈಗ ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾರೆ. ರಜೆಯ ದಿನ ಅದೇ ಹಳ್ಳಿಗಳಿಗೆ ಹೋಗುತ್ತಾರಂತೆ. ಹೋದ ತಿಂಗಳು ಫೋನ್ ಮಾಡಿ, ‘ಮೇಡಂ, ಒಂದು ಹಳೇ ಲೇಖನ ಬೇಕಿತ್ತು’ ಎಂದರು. ಹುಡುಕಿ ಕಳಿಸಿದೆ.